ಕುರ್ಚಿಯ ಮೇಲಿನ ಕೋಟು

ಬೆಳಗಾವಿಯ ಆ ಆಸ್ಪತ್ರೆಯ ಐಸಿಯುನಲ್ಲಿ ಪ್ರತಿ ಗುರುವಾರ ಒಂದು ಬಿಳಿ ಕೋಟು ಡ್ಯೂಟಿ ಮಾಡುತ್ತಿತ್ತು. ಕೋಟಿನ ಒಡೆಯರಾದ ಡಾಕ್ಟರ್ ಸುಜಯ ಅಂದು ಖಾನಾಪುರದ ಶಾಖೆಯಲ್ಲಿ ಹೊರರೋಗಿಗಳನ್ನು ನೋಡಬೇಕು. ಹೋಗುವ ಮುಂಚೆ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಹೋಗುತ್ತಿದ್ದರು. ರೋಗಿಗಳ ಕಡೆಯವರು ಗಾಜಿನಾಚೆಯಿಂದ ಅದನ್ನು ನೋಡಿ, ಸಾಹೇಬರು ಇಲ್ಲೇ ಎಲ್ಲೋ ಇದ್ದಾರೆಂದು ಸಮಾಧಾನ ತಂದುಕೊಳ್ಳುತ್ತಿದ್ದರು. ಕೆಲವರು ಕೈಯನ್ನೂ ಮುಗಿಯುತ್ತಿದ್ದರು. ಕೋಟು ಯಾರಿಗೂ ಬೈದದ್ದಿಲ್ಲ, ಆ ಮಟ್ಟಿಗೆ ಒಡೆಯನಿಗಿಂತ ವಾಸಿ.

ಹತ್ತು ಹಾಸಿಗೆಗಳನ್ನು ನಿಜಕ್ಕೂ ನೋಡಿಕೊಳ್ಳುತ್ತಿದ್ದವಳು ಕುಮುದಿನಿ. ಹದಿನಾಲ್ಕು ವರ್ಷ ನರ್ಸಾಗಿ ದುಡಿದು, ಮತ್ತೆರಡು ವರ್ಷ ಓದಿ, ನರ್ಸ್ ಪ್ರಾಕ್ಟೀಷನರ್ ಆಗಿ ಬಂದಿದ್ದಳು. ಅಂದರೆ ರೋಗಿಯನ್ನು ಪರೀಕ್ಷಿಸಿ, ವೆಂಟಿಲೇಟರ್ ಹೆಚ್ಚುಕಡಿಮೆ ಮಾಡಿ, ಡಾಕ್ಟರು ಒಪ್ಪಿದ ಪಟ್ಟಿಯೊಳಗೆ ಔಷಧಿ ಬದಲಿಸುವಷ್ಟು ಅಧಿಕಾರ. ಅದಕ್ಕಿಂತ ಒಂದು ಗೇಣು ಮುಂದೆ ಹೋಗಬೇಕಾದರೂ ಡಾಕ್ಟರ ಬಾಯಿಂದ ಹೂಂ ಅನ್ನಿಸಬೇಕು. ಡ್ಯೂಟಿ ಡಾಕ್ಟರ ಹುದ್ದೆ ಆರು ತಿಂಗಳಿಂದ ಖಾಲಿ. ಸಂದರ್ಶನಕ್ಕೆ ಬಂದವರು ಹಾಸಿಗೆಗಳನ್ನು ಎಣಿಸಿ, ಕ್ಯಾಂಟೀನಿನಲ್ಲಿ ಚಹಾ ಕುಡಿದು ನಾಪತ್ತೆಯಾಗುತ್ತಿದ್ದರು.

ಇಷ್ಟಾದರೂ ಮ್ಯಾನೇಜರ್ ರೋಹನನ ಕಣ್ಣು ಬಿದ್ದದ್ದು ಕುಮುದಿನಿಯ ಹುದ್ದೆಯ ಮೇಲೆ. "ಮಂದಿಗೆ ಡಾಕ್ಟರ್ ಬೇಕ್ರಿ ಮೇಡಂ, ಅರ್ಧಾ ಡಾಕ್ಟರ್ ಅಲ್ಲ," ಎಂದಿದ್ದ. "ಶನಿವಾರ ಮೀಟಿಂಗ್ ಐತಿ. ಅಷ್ಟರಾಗ ಒಂದ ಕಂಪ್ಲೇಂಟ್ ಬಂದ್ರೂ ನಿಮ್ಮ ಪೋಸ್ಟ್ ತಗದ ಹಾಕ್ತಾರ, ನೀವು ವಾಪಸ್ ವಾರ್ಡಿಗೆ." ವಾರ್ಡಿನ ಕೆಲಸ ಕೀಳೆಂದು ಕುಮುದಿನಿಗೆ ಅನ್ನಿಸಿರಲಿಲ್ಲ. ಕಷ್ಟಪಟ್ಟು ಕಲಿತದ್ದನ್ನು ಗೊತ್ತಿಲ್ಲದವಳಂತೆ ಬಚ್ಚಿಟ್ಟುಕೊಂಡು ಓಡಾಡಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಆ ಗುರುವಾರ ನಾಲ್ಕನೇ ಹಾಸಿಗೆಯಲ್ಲಿ ಗುಂಜಿ ಊರಿನ ಗೌರವ್ವ ಇದ್ದಳು. ಚಾಪೆಯ ಮೇಲೆ ಮಲಗಿದ್ದವಳಿಗೆ ಕಟ್ಟುಹಾವು ಕಚ್ಚಿತ್ತು. ಆ ವಿಷ ಮೈಯನ್ನೆಲ್ಲ ಕಟ್ಟಿಹಾಕುತ್ತದೆ. ರೆಪ್ಪೆ ಎತ್ತಲಾಗದು, ಉಸಿರಿಗೆ ಯಂತ್ರವೇ ಗತಿ. ಐದು ದಿನದಿಂದ ಬಾಯಲ್ಲಿ ಕೊಳವೆ. ಅಂದು ಬೆಳಿಗ್ಗೆ ಕುಮುದಿನಿ, "ಆಯಿ, ನನ್ನ ಬೆರಳ ಗಟ್ಟಿ ಹಿಡೀರಿ" ಎಂದಾಗ ಗೌರವ್ವ ಹಿಡಿದ ಹಿಡಿತಕ್ಕೆ ಕುಮುದಿನಿಯ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷ ಎಮ್ಮೆ ಹಿಂಡಿದ ಕೈ ಅದು. ತಲೆ ಎತ್ತಿ ಎಂದರೆ ಎತ್ತಿದಳು. ಯಂತ್ರದ ಆಸರೆ ಇಳಿಸಿ ಅರ್ಧ ಗಂಟೆ ನೋಡಿದರೆ ತಾನೇ ಸಲೀಸಾಗಿ ಉಸಿರಾಡಿದಳು. ಕೊಳವೆ ಎಳೆಯದಿರಲೆಂದು ಕೈಗೆ ಕಟ್ಟಿದ್ದ ಪಟ್ಟಿಯನ್ನು ಕುಮುದಿನಿ ಬಿಚ್ಚಿದಳು. ಇಷ್ಟು ಎಚ್ಚರ ಇದ್ದವಳನ್ನು ದನದ ಹಾಗೆ ಕಟ್ಟಿಡುವುದು ಅವಳಿಗೆ ಸರಿಬರಲಿಲ್ಲ.

ಹನ್ನೊಂದಕ್ಕೆ ಮಗ ದುಂಡಪ್ಪ ಬಂದ. ಖಾನಾಪುರ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ದನಿ ದೊಡ್ಡದು. ಕುಮುದಿನಿ ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ವಾಡಿಕೆಯಂತೆ ಫೋನನ್ನು ಕೋಟಿನ ಜೇಬಿನಲ್ಲಿಟ್ಟಳು. ಹಾಗೆ ಇಟ್ಟರೆ ಮಂದಿ ಹೆಚ್ಚು ಭಕ್ತಿಯಿಂದ ಕೇಳುತ್ತಾರೆಂದು ಅವಳಿಗೆ ಅನುಭವದಿಂದ ಗೊತ್ತಾಗಿತ್ತು.

"ಸರ್, ಗೌರವ್ವನ ಕೊಳವಿ ಇವತ್ತ ತಗೀಬಹುದು. ಕೈ, ಕುತ್ತಿಗಿ, ಉಸಿರು ಎಲ್ಲಾ ಬರೋಬರಿ ಅದ. ಸುಮ್ನ ಇಟ್ರ ನ್ಯುಮೋನಿಯಾ ಆಗ್ತದ."

"ನಾ ನಾಕಕ್ಕ ಬರ್ತೀನಿ, ಕಾಯ್ರಿ," ಎಂದಿತು ಜೇಬು.

ದುಂಡಪ್ಪ ಕೋಟಿಗೆ ಕೈಮುಗಿದ. "ನೀವು ಬಂದ ಮ್ಯಾಲೇ ಆಗ್ಲಿ ಸಾಹೇಬ್ರ. ಈ ಸಿಸ್ಟರ್ ಕೈಯಾಗ ಬ್ಯಾಡ್ರಿ. ಅವ್ವಗ ಏನರ ಆದ್ರ ನಾ ಕಂಪ್ಲೇಂಟ್ ಕೊಡಾಂವನ."

ಕುಮುದಿನಿ ಚಾರ್ಟ್ ತೆಗೆದಳು. ಅದರಲ್ಲಿ ಬರೆದಳು: ಹನ್ನೊಂದು ಇಪ್ಪತ್ತು, ಕೊಳವೆ ತೆಗೆಯಲು ರೋಗಿ ಸಿದ್ಧ, ಕಾಯಲು ವೈದ್ಯರ ಆದೇಶ.

ನಾಲ್ಕಾಯಿತು. ಜಾಂಬೋಟಿ ಕಡೆಯ ಯಾರೋ ದೊಡ್ಡವರು ಊಟಕ್ಕೆ ಹಿಡಿದಿದ್ದಾರೆ, ಐದಾಗುತ್ತದೆ ಎಂದಿತು ಜೇಬು. ಐದಾಯಿತು. ಇನ್ನೇನು ಹೊರಟೆ, ಆರು ಎಂದಿತು. ಊಟವೋ ಮದುವೆಯೋ ಎಂದು ಕುಮುದಿನಿ ಕೇಳಲಿಲ್ಲ.

ಐದೂಕಾಲಿಗೆ ಅವಳು ಏಳನೇ ಹಾಸಿಗೆಯ ಬಳಿ ಇದ್ದಾಗ ನಾಲ್ಕನೇ ಹಾಸಿಗೆಯ ಅಲಾರಂ ಬಡಿದುಕೊಂಡಿತು. ತಿರುಗಿ ನೋಡಿದರೆ ಗೌರವ್ವ ಅರ್ಧ ಎದ್ದು ಕುಳಿತಿದ್ದಾಳೆ. ಕೊಳವೆ ಬಾಯಲ್ಲಿಲ್ಲ, ಕೈಯಲ್ಲಿದೆ. ಹಿತ್ತಲಲ್ಲಿ ಮೂಲಂಗಿ ಕಿತ್ತವಳ ಹಾಗೆ ಹಿಡಿದಿದ್ದಾಳೆ.

ಕುಮುದಿನಿ ಓಡಿಬಂದಳು. ಬಾಯಲ್ಲಿದ್ದ ಕಫ, ರಕ್ತ ಎಳೆದು ತೆಗೆದಳು. ಮಾಸ್ಕ್ ಹಾಕಿದಳು. ಮತ್ತೆ ಕೊಳವೆ ಹಾಕಬೇಕಾದೀತೆಂದು ಸಾಮಾನು ಬಿಚ್ಚಿಟ್ಟು, ಆಪರೇಷನ್ ಥಿಯೇಟರಿನ ಅರಿವಳಿಕೆ ಡಾಕ್ಟರಿಗೆ ಸಿದ್ಧವಾಗಿರಲು ಹೇಳಿಕಳಿಸಿದಳು. "ಕೆಮ್ಮ್ರಿ ಆಯಿ, ಇನ್ನೂ ಜೋರ್!" ರಕ್ತದಲ್ಲಿ ಆಮ್ಲಜನಕ ಶೇಕಡಾ ಎಂಬತ್ತಾರಿತ್ತು. ತೊಂಬತ್ತಕ್ಕೆ ಬಂತು. ತೊಂಬತ್ತೇಳಾಗಿ ಅಲ್ಲೇ ನಿಂತಿತು. ಕುಮುದಿನಿ ಮಾತ್ರ ಅರ್ಧ ಗಂಟೆ ಗೌರವ್ವನ ಕೈ ಬಿಡಲಿಲ್ಲ.

ಅಷ್ಟರಲ್ಲಿ ದುಂಡಪ್ಪ ಗಾಜಿನಾಚೆಯಿಂದ ಇಣುಕಿದ. ಅವ್ವನ ಬಾಯಲ್ಲಿ ಕೊಳವೆಯಿಲ್ಲ, ಕುರ್ಚಿಯ ಮೇಲೆ ಕೋಟಿದೆ. ಅದು ಬೆಳಿಗ್ಗೆಯೂ ಖಾಲಿಯೇ ಇತ್ತೆಂಬುದನ್ನು ಖುಷಿಯಲ್ಲಿ ಮರೆತು, ಸಾಹೇಬರು ಬಂದು ತೆಗೆದರೆಂದು ಖಾತ್ರಿ ಮಾಡಿಕೊಂಡು, ಓಡಿಹೋಗಿ ಅವರಿಗೆಂದು ಒಂದು ಕಿಲೋ ಸಿಹಿ ಕುಂದಾ ತಂದ.

ನಿಜವಾದ ಸಾಹೇಬರು ಬಂದದ್ದು ಆರೂ ಹತ್ತಕ್ಕೆ. ಜೊತೆಗೆ ರೋಹನ ಒಂದು ಫಾರ್ಮು ಹಿಡಿದು ಬಂದಿದ್ದ. 'ರೋಗಿ ಕೊಳವೆ ಕಿತ್ತುಕೊಂಡ ಘಟನೆ. ಕಾರಣ: ಸಿಸ್ಟರ್ ಕುಮುದಿನಿಯ ನಿರ್ಲಕ್ಷ್ಯ.' ಇಂಥ ಕೆಲಸದಲ್ಲಿ ಮಾತ್ರ ಆ ಮನುಷ್ಯ ಬಲು ಚುರುಕು. ಕೆಳಗೆ ಡಾಕ್ಟರ ಸಹಿಯೊಂದೇ ಬಾಕಿ.

"ಕೈ ಯಾಕ ಬಿಚ್ಚಿದ್ರಿ?" ಎಂದರು ಸುಜಯ.

"ಸರ್, ಹನ್ನೊಂದಕ್ಕೇ ತಗದಿದ್ರ…" ಕುಮುದಿನಿ ಚಾರ್ಟ್ ಮುಂದೆ ಹಿಡಿದಳು. ಅವರು ನೋಡಲಿಲ್ಲ, ಪೆನ್ನು ತೆಗೆದರು. ಎರಡು ವರ್ಷದ ಓದು ಆ ಪೆನ್ನಿನ ತುದಿಯಲ್ಲಿ ನಿಂತಿತ್ತು.

"ಏ ತಮ್ಮಾ," ಎಂದಿತು ಮಾಸ್ಕಿನೊಳಗಿಂದ ಒಂದು ಗೊಗ್ಗರು ದನಿ. "ಆ ಕಿಸೇದಾಗಿಂದ ಮಾತಾಡಾಂವ ನೀನ ಏನು?"

ಎಲ್ಲರೂ ತಿರುಗಿದರು. ಗೌರವ್ವ ಮಾಸ್ಕನ್ನು ಗದ್ದಕ್ಕೆ ಸರಿಸಿದ್ದಳು.

"ಐದ ದಿನಾ ಕಣ್ಣ ಬಿಡಾಕ ಆಗ್ಲಿಲ್ಲ, ಖರೆ ಎಲ್ಲಾ ಕೇಳಸ್ತಿತ್ತು. ಕೊಳವಿ ಬಾಯಾಗಿತ್ತು, ಕಿವ್ಯಾಗಲ್ಲ. ಮುಂಜಾನೆ ಈ ಮಗಳು ತಗೀಬಹುದು ಅಂದ್ಲು. ನೀ ನಾಕು ಅಂದಿ, ಐದು ಅಂದಿ, ಆರು ಅಂದಿ. ನಮ್ಮ ಗುಂಜಿ ಸ್ಟೇಷನ್ನಿನ ರೈಲ ಸುದ್ದಾ ಇಷ್ಟ ಸುಳ್ಳ ಹೇಳೂದಿಲ್ಲ. ನೀ ಉಂಡ ಏಳೂತನಕಾ ನಾ ಪೈಪ ಕಚ್ಕೊಂಡ ಕುಂದರ್ಲೇನು? ಬರೀ ಅದ್ರಾಗ: ಕಿತ್ತಾಕಿ ಗೌರವ್ವ. ಉಳಿಸಿದಾಕಿ ಈಕಿ. ತಡಾ ಮಾಡಿದಾಂವ ನೀನು."

ಸುಜಯ ಚಾರ್ಟ್ ತೆಗೆದುಕೊಂಡು ಓದಿದರು. ಕಿವಿ ಕೆಂಪಾದವು. ಕೆಟ್ಟ ಮನುಷ್ಯನಲ್ಲ, ಕೈಮುಗಿಸಿಕೊಂಡು ಕೆಟ್ಟವರು. ರೋಹನ ಬರೆದಿದ್ದ ಸಾಲನ್ನು ಹೊಡೆದುಹಾಕಿ, 'ಕಾರಣ: ವೈದ್ಯರು ಸಮಯಕ್ಕೆ ಇರಲಿಲ್ಲ' ಎಂದು ಬರೆದು ಸಹಿ ಹಾಕಿದರು.

"ಸರ್, ಹಿಂಗ ಬರೆದ್ರ ಮೀಟಿಂಗಿನಾಗ…" ರೋಹನ ತಡವರಿಸಿದ.

"ಮೀಟಿಂಗಿನಾಗ ನಾನೇ ಓದ್ತೀನಿ. ಮುಂದಿನ ಗುರುವಾರದಿಂದ ಇಂಥಾದ್ದನ್ನ ಕುಮುದಿನಿನೇ ನೋಡಿ ತಗೀಲಿ. ನಿಯಮದಾಗ ಬರದ ಕೊಡ್ತೀನಿ."

ಕುಮುದಿನಿ ಅತ್ತಳು. ಮರೆಗೆ ಹೋಗಿ ಅಲ್ಲ, ಎಲ್ಲರ ಎದುರಿಗೇ ಅತ್ತಳು.

ದುಂಡಪ್ಪ ಕುಂದಾದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಡಾಕ್ಟರನ್ನೂ ಕೋಟನ್ನೂ ಒಮ್ಮೆ ನೋಡಿದ.

"ಆಕಿಗೆ ಕೊಡೋ ಶಾಣ್ಯಾ," ಎಂದು ಗದರಿದಳು ಗೌರವ್ವ. ಆಮೇಲೆ ಕುಮುದಿನಿಯ ಕಡೆ ತಿರುಗಿ ದನಿ ಇಳಿಸಿದಳು. "ಚಳಿ ಆಗತೈತಿ ಮಗಳ. ಆ ಕೋಟ ತಂದು ನನಗ ಹೊಚ್ಚು. ಒಂದ ದಿನಾ ಆದ್ರೂ ದುಡೀಲಿ ಅದು."