ಜಸ್ಟಿನಾಳ ಮುಖಕ್ಕೆ ಕಟ್ಟಿದ ಬಟ್ಟೆ

ಸ್ನೇಹ ಸಮಿತಿ ಎಂಬುದೊಂದು ಇದೆಯೆಂದು ನನಗೆ ತಿಳಿದದ್ದೇ ಅದು ನಮ್ಮ ದೋಣಿಯನ್ನು ಹಿಡಿದು ನಿಲ್ಲಿಸಿದಾಗ. ಎರಡು ದೇಶಗಳ ಗೆಳೆತನ ಕಾಯುವ ಸಮಿತಿಯಂತೆ. ಕಾಯುವುದಕ್ಕೆ ಗೆಳೆತನವೇನು ಆಡೇ, ಕುರಿಯೇ?

ಗೆಳೆತನವೆಂದರೆ ಏನೆಂದು ನಾನು ಹೇಳುತ್ತೇನೆ ಕೇಳಿ. ಚಂಡಮಾರುತ ನಮ್ಮ ಕ್ಯಾರಿಯಾಕೂ ದ್ವೀಪದ ಮಾಡುಗಳನ್ನೆಲ್ಲ ಕಿತ್ತು ಸಮುದ್ರಕ್ಕೆಸೆದ ವರ್ಷ, ಗಾಳಿ ನಿಂತ ಮಾರನೆಯ ಬೆಳಗ್ಗೆ ನಮ್ಮ ವಿಂಡ್‌ವರ್ಡ್ ಊರಿನ ದಕ್ಕೆಗೆ ಮೊದಲು ಬಂದದ್ದು ಸೇಂಟ್ ವಿನ್ಸೆಂಟಿನ ಒಂದು ಮೀನುದೋಣಿ. ಅದರ ತುಂಬ ತಗಡಿನ ಶೀಟು, ಮೊಳೆ, ನೀರಿನ ಕ್ಯಾನು. ಶೀಟುಗಳ ಮೇಲೆ ಕೂತಿದ್ದವಳು ಯೂಲಿನ್. ಅವಳ ಹಿರಿಯ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡ ಧರ್ಮತಾಯಿ ನಾನು. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಮಕ್ಮೆ ಎಂದೇ ಕರೆಯುವುದು, ಹೆಸರು ಹಿಡಿಯುವುದಿಲ್ಲ. ನಮ್ಮದು ಗ್ರೆನಡಾ, ಅವರದು ಬೇರೆ ದೇಶ, ಬೇರೆ ಬಾವುಟ. ಅವಳು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಹಲ್ಲೂ ಉಜ್ಜದೆ ಬಂದಿದ್ದೇನೆ, ಮೊದಲು ಒಂದು ಲೋಟ ಕೋಕೋ ಕಾಸು ಎಂದಳು. ಕಾಯಿಸಲು ನನಗೆ ಒಲೆಯೇ ಉಳಿದಿರಲಿಲ್ಲ. ಇಬ್ಬರೂ ಅಳುತ್ತಲೇ ನಕ್ಕೆವು.

ಈಗ ಅವರ ಬೆಂಕಿಬೆಟ್ಟ ಸಿಡಿದಿತ್ತು. ಅದರ ಬೂದಿ ಇಷ್ಟು ದೂರ ಹಾರಿ ನಾನು ಒಣಹಾಕಿದ ಬಟ್ಟೆಯ ಮೇಲೂ ಕೂತಿತ್ತೆಂದರೆ ಅಲ್ಲಿಯವರ ಪಾಡು ನೀವೇ ಯೋಚಿಸಿ. ಯೂಲಿನ್ ಮನೆ ಬಿಟ್ಟು, ಮುದಿ ತಾಯಿಯನ್ನು ಕಟ್ಟಿಕೊಂಡು, ದಕ್ಷಿಣದ ಕಡೆಯ ಒಂದು ಶಾಲೆಯಲ್ಲಿ ಊರೂರಿನ ಜನರ ಜೊತೆ ನೆಲದ ಮೇಲೆ ಬಿದ್ದಿದ್ದಳು. ಹೊಳೆಯ ನೀರು ಬೂದಿಯ ಗಂಜಿಯಾಗಿದೆ, ಅದನ್ನೇ ಸೋಸಿ ಕುಡಿದ ಮಕ್ಕಳು ವಾಂತಿ ಮಾಡುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದಳು.

"ನೀರು ತಗೊಂಡು ಬಾ ಮಕ್ಮೆ. ವಿಂಡ್‌ವರ್ಡ್ ದೋಣಿ ಬಂದೇ ಬರುತ್ತೆ ಅಂತ ಇಲ್ಲಿರೋರಿಗೆಲ್ಲ ಮಾತು ಕೊಟ್ಟಿದ್ದೀನಿ. ನನ್ನ ಮಾತು ಉಳಿಸು."

ಊರಿಗೆ ಊರೇ ಎದ್ದಿತು. ನಮ್ಮ ದ್ವೀಪದಲ್ಲಿ ಹೊಳೆಯಿಲ್ಲ, ಬಾವಿಯ ನೀರು ಉಪ್ಪು. ಮಾಡಿನಿಂದ ತೊಟ್ಟಿಗಿಳಿದ ಮಳೆನೀರೇ ನಮಗೆ ಗತಿ. ಬೇಸಿಗೆಯಾದ್ದರಿಂದ ತೊಟ್ಟಿಗಳ ತಳ ಕಾಣುತ್ತಿತ್ತು. ಆದರೂ ಒಬ್ಬರೂ ಕೈ ಹಿಂದೆ ತೆಗೆಯಲಿಲ್ಲ. ತೊಟ್ಟಿಯ ತಳ ಕೆರೆದು ಕ್ಯಾನು, ಪೀಪಾಯಿ ತುಂಬಿದರು. ದೀಗುಜ್ಜೆ, ಕೆಸುವಿನ ಗೆಡ್ಡೆ, ಬಾಳೆಗೊನೆ, ಒಣ ತೊಗರಿ, ಯಾರ ಮನೆಯಲ್ಲಿ ಏನಿತ್ತೋ ಅದೆಲ್ಲ ಜಸ್ಟಿನಾಳ ಹೊಟ್ಟೆ ಸೇರಿತು. ಜಸ್ಟಿನಾ ನಮ್ಮ ಮರಳ ಮೇಲೆಯೇ ಕಟ್ಟಿದ ಹಾಯಿದೋಣಿ. ಅವಳಿಗೂ ನಾನೇ ಧರ್ಮತಾಯಿ. ನೀರಿಗಿಳಿಸಿದ ದಿನ ಅವಳ ಮೂತಿಗೆ ರಮ್ ಚಿಮುಕಿಸಿದ್ದು ಈ ಕೈ.

ಹಗ್ಗ ಬಿಚ್ಚಬೇಕು ಎನ್ನುವಾಗ ನಮ್ಮ ಸರ್ಕಾರ ಕೂತಿರುವ ದೊಡ್ಡ ದ್ವೀಪದಿಂದ ಪ್ರೆಸ್ಕಾಟ್ ಎಂಬಾತ ಬಂದಿಳಿದ. ಆ ಬಿಸಿಲಿನಲ್ಲೂ ಟೈ. ಸ್ನೇಹ ಸಮಿತಿಯ ಕಾರ್ಯದರ್ಶಿಯಂತೆ. ಹೀಗೆಲ್ಲ ಹೊರಡುವ ಹಾಗಿಲ್ಲ, ಸಮಾರಂಭವಿದೆ ಎಂದ. ಎರಡೂ ದೇಶಗಳ ಬಾವುಟ, ಬ್ಯಾಂಡು, ಭಾಷಣ, ಫೋಟೋ. ಸೇಂಟ್ ವಿನ್ಸೆಂಟಿನಿಂದ ಒಬ್ಬರು ಗಣ್ಯರು ವಿಮಾನದಲ್ಲಿ ಬಂದು, ಈ ದಕ್ಕೆಯ ಮೇಲೆ ಕೈಕುಲುಕಿ, ನೆರವನ್ನು ಸ್ವೀಕರಿಸುತ್ತಾರಂತೆ. ಆಮೇಲೆ ದೋಣಿ ಹೋಗಬಹುದಂತೆ.

ಅವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಬೂದಿಯಿಂದಾಗಿ ವಿಮಾನಗಳು ನಿಂತಿವೆ, ಬೂದಿ ಇಳಿದ ಕೂಡಲೇ ಬರುತ್ತಾರೆ ಎಂದ. ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಬೂದಿ ಬಿದ್ದವರಿಗೆ ನೀರು ಹೋಗಬೇಕಾದರೆ ಮೊದಲು ಬೂದಿ ನಿಲ್ಲಬೇಕು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರೆ ಇದೇ ತಾನೇ. ಅಲ್ಲೇ ಬಾಯಿಗೆ ಬಂದಂತೆ ಬೈದೆ. ಅವನು ಅದಕ್ಕೂ ನಗುತ್ತಲೇ ತಲೆಯಾಡಿಸಿದ.

ನಮ್ಮ ಕ್ಯಾಪ್ಟನ್ ಕಾಸ್ನೆಲ್ ನನ್ನ ಚಿಕ್ಕಪ್ಪನ ಮಗ. ಬಿರುಗಾಳಿಗೆ ಹೆದರದವನು ಸರ್ಕಾರಿ ಸೀಲಿಗೆ ಹೆದರುತ್ತಾನೆ. ಅಪ್ಪಣೆಯಿಲ್ಲದೆ ಹೊರಟರೆ ನನ್ನ ಲೈಸೆನ್ಸು ಕಿತ್ತುಕೊಳ್ಳುತ್ತಾರೆ ಎಂದು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಬಾಳೆಕಾಯಿ ಹಣ್ಣಾಯಿತು, ಹಣ್ಣಿಗೆ ನೊಣ ಮುತ್ತಿತು. ದೀಗುಜ್ಜೆ ಮೆತ್ತಗಾಗಿ ವಾಸನೆ ಎದ್ದಿತು. ಯೂಲಿನ್ ಮೊದಮೊದಲು ದಿನವೂ ಫೋನು ಮಾಡಿ ಎಲ್ಲಿದ್ದೀಯೆಂದು ಕೇಳುತ್ತಿದ್ದಳು. ಇವತ್ತು, ನಾಳೆ ಎಂದು ನಾನು ಸುಳ್ಳು ಹೇಳುತ್ತಿದ್ದೆ. ಆಮೇಲೆ ಅವಳು ಫೋನು ಮಾಡುವುದನ್ನೇ ಬಿಟ್ಟಳು.

ಹೀಗಿರುವಾಗ ಒಂದು ಬೆಳಗ್ಗೆ ದಕ್ಕೆಗೆ ಹೋದವಳು ನಿಂತಲ್ಲೇ ನಿಂತುಬಿಟ್ಟೆ. ಜಸ್ಟಿನಾಳ ಮೂತಿಯ ಮೇಲೆ, ಅವಳ ಹೆಸರು ಬರೆದಿದ್ದ ಜಾಗಕ್ಕೆ ಸರಿಯಾಗಿ, ಅಗಲವಾದ ಬಿಳಿ ಬಟ್ಟೆ ಬಿಗಿದಿದ್ದರು. ಅದರ ಮೇಲೆ ಎರಡು ಬಾವುಟ, ಕುಲುಕುವ ಎರಡು ಕೈ, ಕೆಳಗೆ ದಪ್ಪಕ್ಷರದಲ್ಲಿ 'ಸ್ನೇಹ'. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಪ್ರೆಸ್ಕಾಟ್ ತಾನು ಕರೆತಂದ ಹುಡುಗರಿಂದ ಕಟ್ಟಿಸಿದ್ದನಂತೆ.

ದೊಡ್ಡ ದ್ವೀಪದವನಿಗೆ ಏನು ಗೊತ್ತು? ನಮ್ಮಲ್ಲಿ ಹೆಸರು ಮುಚ್ಚುವುದು ಇನ್ನೂ ಹುಟ್ಟದ ದೋಣಿಗೆ ಮಾತ್ರ. ಆ ಬಟ್ಟೆಯನ್ನು ಧರ್ಮತಾಯಿಯೇ ತೆಗೆಯಬೇಕು. ಅಲ್ಲಿಯವರೆಗೆ ಆ ದೋಣಿಯ ಮೇಲೆ ಕ್ಯಾಪ್ಟನ್ನಿನ ಮಾತೂ ನಡೆಯದು, ಮಾಲೀಕನ ಮಾತೂ ನಡೆಯದು. ತೆಗೆದ ಮೇಲೆ ಅವಳು ಆ ಕ್ಷಣವೇ ಸಮುದ್ರಕ್ಕೆ ಹೋಗಬೇಕು; ದಡದಲ್ಲಿ ಹಿಡಿದಿಟ್ಟವನನ್ನು ಸಮುದ್ರ ಸುಮ್ಮನೆ ಬಿಡುವುದಿಲ್ಲ. ಅಜ್ಜಂದಿರ ಕಾಲದ ಕಟ್ಟಳೆ ಇದು. ದಕ್ಕೆಯ ಮೇಲೆ ಸೇರಿದ್ದ ಮುದುಕರು ಟೋಪಿ ತೆಗೆದು ನಿಂತಿದ್ದರು. ಕಾಸ್ನೆಲ್ ಮುಖ ಬಿಳಿಚಿಕೊಂಡಿತ್ತು. ತುಂಬಿದ ದೋಣಿಯ ಹೆಸರು ಮುಚ್ಚಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತ್ತು, ಆದರೆ ತಲೆ ಮಾತ್ರ ತಣ್ಣಗೆ ಕೆಲಸ ಮಾಡುತ್ತಿತ್ತು. ಮನೆಗೆ ಹೋಗಿ ರಮ್ ಬಾಟಲಿ ತಂದೆ. ಸೀದಾ ಮೂತಿಯ ಹತ್ತಿರ ನಡೆದೆ. ಪ್ರೆಸ್ಕಾಟ್ ಓಡಿಬಂದು ಅಡ್ಡ ನಿಂತ.

"ಅದನ್ನ ಮುಟ್ಟಬೇಡಿ ಅಮ್ಮ, ಎರಡು ದೇಶಗಳ ಗೌರವದ ಪ್ರಶ್ನೆ."

"ಗೌರವಾನ ಕುಡಿಯೋಕಾಗುತ್ತಾ ಸ್ವಾಮಿ? ಮಕ್ಕಳಿಗೆ ಒಂದು ಲೋಟ ಕುಡಿಸಿ ತೋರಿಸಿ, ನಾನು ಸುಮ್ನೆ ಮನೆಗೆ ಹೋಗ್ತೀನಿ. ಬಟ್ಟೆ ಮುಚ್ಚಿದೋರು ನೀವು. ತೆಗೆಯೋಳು ನಾನು. ಅಡ್ಡ ಬಂದ್ರೆ ಈ ಬಾಟ್ಲಿ ದೋಣಿ ತಲೆ ಮೇಲಲ್ಲ, ನಿಮ್ಮ ತಲೆ ಮೇಲೆ ಒಡೀತೀನಿ."

ಅವನು ಕಾಸ್ನೆಲ್ ಕಡೆ ತಿರುಗಿ ಲೈಸೆನ್ಸಿನ ಮಾತೆತ್ತಿದ. ಕಾಸ್ನೆಲ್ ಅವನನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ. "ತೆಗಿ ಅಕ್ಕ," ಎಂದ, "ಇವಳನ್ನ ಹೀಗೆ ಇಡೋಕೆ ನನ್ನ ಕೈಲಾಗಲ್ಲ."

ಎಳೆದೆ. ಬಟ್ಟೆ ಕಿತ್ತು ಬಂತು. ಜಸ್ಟಿನಾ ಎಂಬ ಹೆಸರಿನ ಮೇಲೆ ರಮ್ ಸುರಿದೆ. ಯಾರೂ ಹೇಳಬೇಕಾಗಲಿಲ್ಲ; ಹಗ್ಗಗಳು ತಾವಾಗಿ ಬಿಚ್ಚಿಕೊಂಡವು ಎನ್ನುವ ಹಾಗೆ ಎಲ್ಲರೂ ಕೈ ಹಾಕಿದರು. ನಾನು ಬಟ್ಟೆಯ ಸಮೇತ ದೋಣಿಗೆ ಹಾರಿದೆ. ಪ್ರೆಸ್ಕಾಟ್ ದಕ್ಕೆಯ ಮೇಲೆ ನಿಂತು ಯಾರಿಗೋ ಫೋನು ಮಾಡುತ್ತಿದ್ದ.

ದಾರಿಯಲ್ಲಿ ಕೊಳೆತದ್ದನ್ನೆಲ್ಲ ಸಮುದ್ರಕ್ಕೆ ಚೆಲ್ಲಿದೆವು. ನೀರು ಉಳಿದಿತ್ತು, ಗೆಡ್ಡೆ ಮತ್ತು ತೊಗರಿ ಉಳಿದಿದ್ದವು. ಸೇಂಟ್ ವಿನ್ಸೆಂಟ್ ಹತ್ತಿರವಾದಂತೆ ನೀರಿನ ಮೇಲೆ ಬೂದಿಯ ಕೆನೆ ತೇಲುತ್ತಿತ್ತು. ದಕ್ಕೆಯ ತುದಿಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಯೂಲಿನ್ ಕೂತಿದ್ದಳು. ಕೂದಲು, ಹುಬ್ಬು ಎಲ್ಲ ಬೂದಿ. ನಾನು ತೋಳು ಚಾಚಿ ಇಳಿದೆ. ಅವಳು ಏಳಲಿಲ್ಲ.

"ದಿನಾ ಸಂಜೆ ಇಲ್ಲೇ ಕೂತಿರ್ತಿದ್ದೆ. ಎಲ್ಲಿ ಅಮ್ಮ ನಿನ್ನ ದೋಣಿ, ಮುಳುಗೋಯ್ತಾ ಅಂತ ಶಾಲೆಯಲ್ಲಿರೋರು ನಗೋರು. ನಿನ್ನೆಯಿಂದ ನಗೋದೂ ಬಿಟ್ಟಿದ್ದಾರೆ, ವರ್ನೀಸ್."

ವರ್ನೀಸ್ ನನ್ನ ಹೆಸರು. ಮಕ್ಮೆಯರಾದ ಮೇಲೆ ಅವಳ ಬಾಯಲ್ಲಿ ನಾನು ಅದನ್ನು ಎಂದೂ ಕೇಳಿರಲಿಲ್ಲ. ಸಮಿತಿ, ಬ್ಯಾಂಡು, ಬಾರದ ಗಣ್ಯರು ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದೆ. ಅವಳು ಕೈಯೆತ್ತಿ ತಡೆದಳು.

"ನಿನ್ನ ಮಾಡು ಹಾರಿಹೋದಾಗ ನಾನು ತಗಡು ತಂದಿದ್ನಾ, ಕಾರಣ ತಂದಿದ್ನಾ?"

ಅವಳೇ ಎದ್ದು, ನನ್ನನ್ನು ದಾಟಿ ಹೋಗಿ, ಕಾಸ್ನೆಲ್ ದಕ್ಕೆಗಿಳಿಸಿದ ಮೊದಲ ಪೀಪಾಯಿಯ ಮುಚ್ಚಳ ತೆಗೆದಳು. ಗಾಳಿಗೆ ಬೂದಿ ಹಾರಿ ನೀರಿಗೆ ಬೀಳುತ್ತಿತ್ತು. ಸುತ್ತ ನೋಡಿದಳು, ನನ್ನ ಕಂಕುಳಲ್ಲಿದ್ದ ಬಟ್ಟೆಯನ್ನು ಎಳೆದುಕೊಂಡಳು, ಬಾವುಟಗಳನ್ನೂ ಕುಲುಕುವ ಕೈಗಳನ್ನೂ ಒಂದು ಗಳಿಗೆ ನೋಡಿ ಪೀಪಾಯಿಯ ಬಾಯಿಗೆ ಹೊದಿಸಿದಳು. ಶಾಲೆಯ ಕಡೆಯಿಂದ ಮಕ್ಕಳು ಪಾತ್ರೆ ಹಿಡಿದು ಓಡಿಬರುತ್ತಿದ್ದರು.

"ಆ ತುದಿ ಬಿಗಿಯಾಗಿ ಹಿಡಿ," ಎಂದಳು, ನನ್ನ ಕಡೆ ನೋಡದೆ. ಹಿಡಿದುಕೊಂಡೆ.