ಬಿಸಿಲಿಗೆ ಹಿಡಿದು ನೋಡಿದ್ದು

ಒದ್ದೆ ಸೆರಗಿನ ತುದಿ ಸುಮಿತ್ರಾಳ ಕೆನ್ನೆಯ ಮೇಲೆ, ಒಂದು ಸಲ, ಮತ್ತೊಂದು ಸಲ, ನನ್ನ ಮಗಳ ಪೌಡರು ಹತ್ತುತ್ತದೋ ಇಲ್ಲವೋ ಎಂದು ಅಕ್ಕಲಕೋಟೆಯಿಂದ ಬಂದ ವರನ ಸೋದರತ್ತೆ, ಗುರುಲಿಂಗಮ್ಮ, ಬಗ್ಗಿ ನೋಡುತ್ತಿದ್ದಾಳೆ — ಟೂಬ್‌ಲೈಟಿನಾಗ ಬಣ್ಣ ತಿಳಿಯಂಗಿಲ್ಲ, ಹೊರಗ ಬಾ ತಂಗಿ, ಎಂದು ಕೈಹಿಡಿದು ಅಂಗಳಕ್ಕೆ ತಂದೇ ಬಿಟ್ಟಳು, ಅವರೂ ನಮ್ಮ ಹಾಗೆ ಅರಿವೆ ಅಂಗಡಿಯವರು, ಆ ಬುದ್ಧಿ ಎಲ್ಲಿಗೆ ಹೋದೀತು, ಸೀರೆಯಾದರೆ ಬಿಸಿಲಿಗೆ ಹಿಡಿಯಬೇಕು, ಮೂಲೆ ತೋಯಿಸಿ ತಿಕ್ಕಬೇಕು, ಕಣ್ಣೀಲೆ ಕಂಡದ್ದಷ್ಟ ಖರೆ ನೋಡ್ರಿ, ಎನ್ನುತ್ತಾಳೆ, ನನ್ನನ್ನು ನೋಡಲು ಬಂದಾಗಲೂ ಹೀಗೇ ತಿಕ್ಕಿದ್ದರು, ವಾಗದರಿಯ ತವರಿನ ಅಂಗಳದಲ್ಲಿ, ನಡೆಸಿದರು, ಜಡೆ ಬಿಚ್ಚಿಸಿದರು, ಬಣ್ಣಬಣ್ಣದ ದಾರ ಕೊಟ್ಟು ಹಸಿರು ಆರಿಸಿ ಸೂಜಿಗೆ ಪೋಣಿಸು ಎಂದರು, ಪಕ್ಕಾ ರಂಗ ಐತಿ ಎಂದಳು ನಮ್ಮತ್ತೆ, ಎಲ್ಲರೂ ನಕ್ಕರು, ಥೂ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹೆಣ್ಣಿನ ಕೆನ್ನೆಗೆ ಮಾತ್ರ, ನಾನೇನು ಕಂಡೆ, ತಲೆ ತಗ್ಗಿಸಿ ಕೂತವಳಿಗೆ ಕಂಡದ್ದು ಎರಡು ಪಾದ, ಸ್ವಚ್ಛ ತೊಳೆದ ಪಾದ, ಒಳ್ಳೆಯ ಮನುಷ್ಯ ಎಂದುಕೊಂಡೆ, ಪಾದ ನೋಡಿ!

ಮದುವೆಯಾದ ಮೇಲೆ ಕಂಡೆ, ಅಂಗಡಿಯಲ್ಲಿ ಹಸಿರು ತೋರಿಸ್ರಿ ಎಂದ ಗಿರಾಕಿಯ ಮುಂದೆ ಇವರು ಕೆಂಪು ಸೀರೆ ಬಿಚ್ಚಿದ್ದು, ಸಾತಲಿಂಗಪ್ಪ ಸಾವುಕಾರ್ರು ಎಂದು ಪೇಟೆಯೆಲ್ಲ ಕೈಮುಗಿಯುವ ನನ್ನ ಗಂಡನಿಗೆ ಕೆಂಪೂ ಹಸಿರೂ ಹುಟ್ಟಿನಿಂದ ಒಂದೇ, ಅತ್ತೆಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು, ಅದಕ್ಕೇ ಆ ದಾರ, ಅವರು ಹುಡುಕಿಕೊಂಡು ಬಂದದ್ದು ಸೊಸೆಯನ್ನಲ್ಲ, ಮಗನಿಗೊಂದು ಜೊತೆ ಕಣ್ಣು — ಅಂದಿನಿಂದ ಇವರ ಬೆನ್ನ ಹಿಂದೆ ಕೂತು ಪಿಸುಗುಡುತ್ತಿದ್ದೇನೆ, ಕೆಂಪು, ಹಸಿರು, ಗಿರಾಕಿ ಇಳಿದು ಹೋದರೆ ಬೈಗುಳ, ಬಣ್ಣ ಹೇಳಿಕೊಟ್ಟವಳ ಮೇಲೆಯೇ ಸಿಟ್ಟು, ಈಗ ಎಮರ್ಜನ್ಸಿಯಂತೆ, ಅಂಗಡಿಯ ಸರಕಿಗೆಲ್ಲ ದರ ಬರೆದು ಹಾಕಬೇಕಂತೆ, ವರನ ಕುಂದು ಬರೆದು ಹಾಕಿಸುವ ಸರ್ಕಾರ ಮಾತ್ರ ಯಾವುದೂ ಇಲ್ಲ, ಅಗೋ ಆ ಹುಡುಗ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾನೆ, ಅವನನ್ನು ಯಾರೂ ಬಿಸಿಲಿಗೆ ಕರೆಯಲಿಲ್ಲ, ಅವನಲ್ಲಿ ಏನಿದೆಯೋ ಏನಿಲ್ಲವೋ, ಹೆದರಿಕೆಯಾಗುತ್ತಿದೆ ನನಗೆ — ಅಯ್ಯೋ, ಸುಮಿತ್ರಾ ಮುಖ ಎತ್ತಿದಳು, ನೆಟ್ಟಗೆ ಅವನ ಕಡೆಗೆ, ಭಲೆ ನನ್ನ ಮಗಳೆ, ನೋಡು, ಕಣ್ತುಂಬ ನೋಡು, ಮಾತಾಡಿಸಿ ನೋಡು, ಎನ್ನುತ್ತೇನೆ, ಈಗಲೇ ಎನ್ನುತ್ತೇನೆ, ಗುರುಲಿಂಗಮ್ಮನ ಹುಬ್ಬು ಗಂಟಿಕ್ಕಿತು, ಬಾಯಿ ತೆರೆದೆ — ತೆಲಿ ಕೆಳಗ ಮಾಡವ್ವಾ, ಹಿರ್ಯಾರು ಕುಂತಾರ — ಯಾರು ಅಂದದ್ದು, ನನ್ನದೇ ದನಿ, ಮಗಳು ಹುಡುಗನನ್ನು ಬಿಟ್ಟು ನನ್ನನ್ನು ನೋಡಿದಳು, ಒಂದೇ ಸಲ, ಆಮೇಲೆ ರೆಪ್ಪೆ ಇಳಿಸಿದಳು, ಅಷ್ಟು ಬಿಸಿಲಿನಲ್ಲಿ, ಆ ರೆಪ್ಪೆ, ನಾನೇ ಇಳಿಸಿದ ಆ ರೆಪ್ಪೆ