ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ

ನಮ್ಮವರು ಟೂರಿಸ್ಟ್ ಬಸ್ಸಿನ ಡ್ರೈವರ್. ಲೋಕಕ್ಕೆಲ್ಲ ರಜೆ ಬಂದರೆ ಅವರಿಗೆ ಕೈತುಂಬ ಕೆಲಸ. ನಾನು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ವರ್ಷವಿಡೀ ಮಕ್ಕಳ ಕೈಯಲ್ಲಿ ಸಮುದ್ರ, ದೋಣಿ, ಮುಳುಗುವ ಸೂರ್ಯ ಬರೆಸುತ್ತೇನೆ. ನಾನು ಸಮುದ್ರ ನೋಡಿದ್ದು ಮಾತ್ರ ಒಂದೇ ಸಲ, ಮದುವೆಗೆ ಮುಂಚೆ. ನನ್ನ ಅಕ್ಕನನ್ನು ಸಮುದ್ರದಂಡೆಯ ಊರಿಗೆ ಕೊಟ್ಟು ಹನ್ನೊಂದು ವರ್ಷವಾಯಿತು. ಪ್ರತಿ ರಜೆಗೂ ಬಾ ಅನ್ನುತ್ತಾಳೆ, ಪ್ರತಿ ರಜೆಗೂ ಬರುತ್ತೇನೆ ಅನ್ನುತ್ತೇನೆ.

ಈ ಸಲ ಹತ್ತು ದಿನ ರಜೆ ಸಿಕ್ಕಿತ್ತು. ನಾಲ್ಕನೇ ದಿನ ನಾದಿನಿ ಬಂದು ತನ್ನ ತಾಯಿಯನ್ನು ನೋಡಿಕೊಳ್ಳುವುದು, ನಾನು ಅಕ್ಕನ ಮನೆಗೆ ಹೊರಡುವುದು ಎಂದು ಮಾತಾಗಿತ್ತು. ಬ್ಯಾಗ್ ತುಂಬಿ ಬಾಗಿಲ ಹಿಂದೆ ಇಟ್ಟಿದ್ದೆ. ದಾರಿಯಲ್ಲಿ ಓದಲಿಕ್ಕೆ ಲೈಬ್ರರಿಯಿಂದ ದಪ್ಪನೆಯ ಕಾದಂಬರಿಯೊಂದನ್ನೂ ತಂದಿದ್ದೆ. ಹಡಗಿನ ಕತೆ. ರಟ್ಟಿನ ಮೇಲೆ ನೀಲಿ ನೀರು, ಬಿಳಿ ಹಾಯಿ. ರಜೆಯಲ್ಲಿ ಇಂಥದ್ದೇ ಓದಬೇಕು, ಮೂಗಿನ ಮಟ್ಟ ಮುಳುಗಿಹೋಗಬೇಕು.

ಮೊದಲ ದಿನವೇ ತಡೆಯಲಾರದೆ ಅದನ್ನು ತೆರೆದದ್ದು ನನ್ನ ತಪ್ಪು. ಒಂದು ಹಾಳೆ ತಿರುವಿದೆ, ಅಷ್ಟೆ.

“ಟೀಚರಮ್ಮ, ಏನದು ಪುಸ್ತಕ?” ಒಳಗಿನಿಂದ ಅತ್ತೆಯ ದನಿ.

ಅತ್ತೆಗೆ ಸೊಂಟದ ಮೂಳೆ ಮುರಿದು ಎರಡು ವರ್ಷ, ಕಣ್ಣು ಪೂರ್ತಿ ಮಂಜಾಗಿ ನಾಲ್ಕು. ಕಿವಿ ಮಾತ್ರ ಹಾವಿನಷ್ಟು ಚುರುಕು. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು.

“ಒಬ್ಳೇ ಯಾಕೆ ಓದ್ತೀಯ? ಇಲ್ಲೇ ಬಂದು ಗಟ್ಟಿಯಾಗಿ ಓದು.”

ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಎರಡು ಸಾಲು ಓದುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು.

“ಹೀಗಲ್ಲ. ಕಾಮಾ ಎಲ್ಲಿದೆ, ಫುಲ್‌ಸ್ಟಾಪ್ ಎಲ್ಲಿದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?”

ಅವರ ಪ್ರೆಸ್ಸಿನಲ್ಲಿ ಹಾಗೆಯೇ ಅಂತೆ. ಲೇಖಕರ ಕೈಬರಹವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಕಾಮಾ ಬಂದರೆ ಕಾಮಾ, ಪ್ಯಾರಾ ಮುಗಿದರೆ ಹೊಸ ಪ್ಯಾರಾ ಎಂದು ಬಾಯಿಬಿಟ್ಟು ಹೇಳುವುದು. ಇನ್ನೊಬ್ಬರು ಅಚ್ಚಾದ ಹಾಳೆ ನೋಡುತ್ತ ತಾಳೆ ಹಾಕುವುದು. ಬೇರೆ ಥರ ಓದಿದರೆ ಅತ್ತೆಗೆ ತಲೆಗೇ ಹೋಗುವುದಿಲ್ಲ.

ಸರಿ ಎಂದೆ. ಮುದುಕಿಯ ಆಸೆ, ಎರಡು ದಿನದ ಮಾತು.

“ಹಡಗು ನಿಧಾನವಾಗಿ ಕಾಮಾ ಬಲು ನಿಧಾನವಾಗಿ ಕಾಮಾ ದಡ ಬಿಟ್ಟಿತು ಫುಲ್‌ಸ್ಟಾಪ್ ಹೊಸ ಪ್ಯಾರಾ.”

ಹಡಗೇನೋ ದಡ ಬಿಟ್ಟಿತು. ನಾನು ಬಿಡಲಿಲ್ಲ. ಅಲೆ ಏಳುವಷ್ಟರಲ್ಲಿ ಕಾಮಾ ಅಡ್ಡ ಬರುತ್ತಿತ್ತು. ಕ್ಯಾಪ್ಟನ್ ತನ್ನ ಹೆಂಡತಿಯ ಕೈ ಹಿಡಿದು ಏನೋ ಗುಟ್ಟು ಹೇಳಹೊರಟರೆ ನಡುವೆ ನಾನು ಕೋಟ್ಸ್ ತೆರೆಯಬೇಕು, ಮುಚ್ಚಬೇಕು. ಅತ್ತೆ ಕಣ್ಣು ಮುಚ್ಚಿ, ಹೊದಿಕೆಯ ಮೇಲೆ ತೋರುಬೆರಳಿನಿಂದ ಗುರುತು ಹಾಕುತ್ತ ಕೇಳುತ್ತಿದ್ದರು. ಬೇಕೆಂದೇ ಒಂದು ಕಾಮಾ ನುಂಗಿದೆ. “ಅಲ್ಲೊಂದು ಬಿಟ್ಟೆ” ಎಂದರು.

ಮೂರನೇ ದಿನ ಸಂಜೆ ನಾನು ಬಟ್ಟೆ ಒಣಹಾಕಿ ಬಂದಾಗ ಅತ್ತೆ ಫೋನನ್ನು ದಿಂಬಿನ ಪಕ್ಕ ಇಡುತ್ತಿದ್ದರು.

“ನಿನ್ನ ನಾದಿನಿ ಫೋನ್ ಮಾಡಿದ್ಲು. ಅವಳಿಗೆ ಬರೋಕಾಗಲ್ವಂತೆ.”

ಯಾಕೆ ಎಂದು ಕೇಳಲಿಲ್ಲ. “ಪರವಾಗಿಲ್ಲ ಬಿಡಿ” ಎಂದಿತು ನನ್ನ ಬಾಯಿ. ಈ ಬಾಯಿಗೆ ಬೇರೆ ಮಾತೇ ಬರುವುದಿಲ್ಲ. ಮನಸ್ಸಿನಲ್ಲಿ ಮಾತ್ರ ನಾದಿನಿಯ ಜನ್ಮ ಜಾಲಾಡಿದೆ. ಅಷ್ಟಕ್ಕೇ ಮುನಿದು ಅವಳಿಗೆ ಫೋನೂ ಮಾಡಲಿಲ್ಲ. ಅಕ್ಕನಿಗೆ ಮಾಡಿ, ಆಗಲ್ಲ ಎಂದೆ. “ಮುಂದಿನ ರಜೆಗೆ ಬಾ” ಎಂದಳು ಅಕ್ಕ. ಅವಳಿಗೆ ರೂಢಿಯಾಗಿದೆ.

ಅಲ್ಲಿಂದ ದಿನಗಳು ಒಂದೇ ಅಚ್ಚಿನವು. ಬೆಳಿಗ್ಗೆ ಬೆಡ್‌ಪ್ಯಾನು, ಸ್ಪಂಜಿನ ಸ್ನಾನ, ಮಾತ್ರೆ, ಮೂವತ್ತು ಪುಟ. ಮಧ್ಯಾಹ್ನ ಮಗ್ಗುಲು ಬದಲಿಸುವುದು, ಬೆನ್ನಿಗೆ ಪೌಡರು, ಮತ್ತೆ ಓದು. ಎದುರು ಮನೆಯವರು ಬೀಗ ಹಾಕಿಕೊಂಡು ಹೋಗಿದ್ದರು. ಆಚೆ ಮನೆಯವರೂ ಇರಲಿಲ್ಲ. ಇಡೀ ಬೀದಿಯಲ್ಲಿ ನನ್ನ ಕಾಮಾ ಒಂದೇ ಕೇಳುತ್ತಿತ್ತು. ನಮ್ಮವರು ಯಾವುದೋ ಗುಡ್ಡದಿಂದ ಫೋನ್ ಮಾಡಿ, ಇಲ್ಲಿ ತುಂಬ ತಂಪಾಗಿದೆ ಅಂದರು. ಫೋನಿನೊಳಗೇ ಕೈ ಹಾಕಿ ಅವರ ಕೂದಲು ಕಿತ್ತುಬಿಡೋಣ ಅನ್ನಿಸಿತು.

ಏಳನೇ ದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಪುಸ್ತಕದಿಂದ ಕಣ್ಣು ತೆಗೆದು, ಅದೇ ದನಿಯಲ್ಲಿ ಮುಂದುವರಿಸಿದೆ.

“ಕ್ಯಾಪ್ಟನ್ನನ ಹೆಂಡತಿ ಕಿಟಕಿಯ ಬಳಿ ಬಂದು ನಿಂತಳು ಫುಲ್‌ಸ್ಟಾಪ್ ನನಗೂ ಹತ್ತು ದಿನ ರಜೆ ಇತ್ತು ಕಾಮಾ ಏಳು ದಿನ ಈ ಕೋಣೆಯಲ್ಲೇ ಕಳೆಯಿತು ಕಾಮಾ ಬರುತ್ತೇನೆಂದ ನಾದಿನಿ ಕೈಕೊಟ್ಟಳು ಫುಲ್‌ಸ್ಟಾಪ್.”

ಅತ್ತೆಯ ಬೆರಳು ನಿಂತಿತು.

“ಇದು ಪುಸ್ತಕದಲ್ಲಿಲ್ಲ.”

“ಇದೆ ಅತ್ತೆ.”

“ಇಲ್ಲ. ಇಷ್ಟು ದಿನ ಇಲ್ಲದ ನಾದಿನಿ ಈಗ ನಡುಸಮುದ್ರದಲ್ಲಿ ಎಲ್ಲಿಂದ ಬಂದ್ಲು?”

ನಾನು ಪುಟಕ್ಕೆ ಬೆರಳಿಟ್ಟು ಪುಸ್ತಕ ಮುಚ್ಚಿದೆ. ಅವರು ಹೊದಿಕೆಯ ಸುಕ್ಕನ್ನು ಸವರಿ ಸರಿಮಾಡಿದರು.

“ಅವಳು ಕೈಕೊಟ್ಟಿಲ್ಲ ಕಣೇ. ನಾಳೆ ಹೊರಡ್ತೀನಿ ಅನ್ನೋಕೇ ಫೋನ್ ಮಾಡಿದ್ಲು. ಅತ್ತಿಗೆ ಹೋಗ್ತಿಲ್ವಂತೆ, ನೀನು ಬರೋದು ಬೇಡ ಅಂತ ನಾನೇ ಹೇಳಿದೆ.”

“ಯಾಕೆ ಅತ್ತೆ?”

“ಅವಳು ಕಾಮಾ ಓದಲ್ಲ. ಒಂದು ಪುಟ ಗಡಗಡ ಓದಿ ಮುಗಿಸಿ ಟೀವಿ ಹಾಕ್ತಾಳೆ. ನೀನು ಓದಿದ್ರೆ ನಂಗೆ ಪುಟ ಕಾಣುತ್ತೆ. ಸಾಲು, ಅಂಚು, ಎಲ್ಲ. ನಾಲ್ಕು ವರ್ಷ ಆಗಿತ್ತು, ಪುಟ ಅನ್ನೋದನ್ನ ಕಂಡು.”

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿದ್ದು ಸಿಟ್ಟು, ಕುದಿಯುವ ಸಿಟ್ಟು. ನಾನು ಚೆನ್ನಾಗಿ ಓದಿದ್ದಕ್ಕೇ ನನ್ನನ್ನು ಕಟ್ಟಿಹಾಕಿದ್ದರು. ಕೆಟ್ಟದಾಗಿ ಓದಿದವಳು ತನ್ನ ಮನೆಯಲ್ಲಿ ಹಾಯಾಗಿದ್ದಳು. ಅವರ ದಿಂಬಿನ ಪಕ್ಕದ ಫೋನು ತೆಗೆದುಕೊಂಡು, ಅವರ ಎದುರೇ ನಾದಿನಿಗೆ ಫೋನ್ ಮಾಡಿದೆ.

“ನೀವೇ ಹೋಗಲ್ಲ ಅಂದ್ರಂತಲ್ಲ ಅತ್ತಿಗೆ?” ಎಂದಳು ಅವಳು. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಬಂದಿಳಿದಳು.

ಉಳಿದದ್ದು ಮೂರು ದಿನ. ಮೂರಾದರೂ ಸರಿ ಎಂದು ಬ್ಯಾಗ್ ಎತ್ತಿಕೊಂಡೆ. ಕಾದಂಬರಿಯನ್ನೂ ಅದರೊಳಗೆ ತುರುಕಿದೆ. ಹೌದು, ಬೇಕೆಂದೇ. ಕೊನೆಯ ಅರವತ್ತು ಪುಟ ನನಗೊಬ್ಬಳಿಗೇ ಇರಲಿ.

ಚಪ್ಪಲಿ ಮೆಟ್ಟುವಾಗ ಅತ್ತೆ ಕೇಳಿದರು, “ಎಲ್ಲಿಗೆ ನಿಲ್ಸಿದ್ವಿ?”

“ಮುನ್ನೂರೆಂಬತ್ತೆರಡನೇ ಪುಟ.”

“ಮೂರನೇ ಪ್ಯಾರಾ” ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಊರು ದಾಟಿದ ಮೇಲೆ ಪುಸ್ತಕ ತೆರೆದೆ. ಗಾಳಿ ಬೀಸುತ್ತಿತ್ತು, ಕರೆಯುವವರು ಯಾರೂ ಇರಲಿಲ್ಲ. ಓದಿದೆ. ಹಡಗು ಬಂಡೆಗೆ ಬಡಿಯಿತು, ಕಾಮಾ. ಮತ್ತೆ ಮೊದಲಿಂದ ಓದಿದೆ. ಹಡಗು ಬಂಡೆಗೆ ಬಡಿಯಿತು, ಕಾಮಾ. ತುಟಿ ಬಿಗಿಹಿಡಿದೆ, ಕಣ್ಣಲ್ಲೇ ಓದಿದೆ, ಪುಟ ಹಾರಿಸಿದೆ. ಏನು ಮಾಡಿದರೂ ಸಾಲಿನ ಕೊನೆಗೆ ಬಂದಾಗ ಮಂಚದ ಮೇಲಿನ ಆ ಬೆರಳು ಕಾಯುತ್ತಿತ್ತು. ಗುರುತು ಹೇಳದೆ ಮುಂದಿನ ಸಾಲಿಗೆ ಹೋಗಲು ನನ್ನಿಂದ ಆಗಲಿಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ.

ಐದು ಗಂಟೆಯ ದಾರಿ ಸವೆದ ಮೇಲೆ, ಒಂದು ತಿರುವಿನಲ್ಲಿ, ಇದ್ದಕ್ಕಿದ್ದಂತೆ ಸಮುದ್ರ ಕಾಣಿಸಿತು. ಇಷ್ಟು ವರ್ಷ ಮಕ್ಕಳ ಕೈಯಲ್ಲಿ ಬರೆಸಿದ್ದಕ್ಕಿಂತ ಎಷ್ಟೋ ದೊಡ್ಡದು.

“ಕಾಮಾ” ಎಂದೆ, ಗಟ್ಟಿಯಾಗಿಯೇ.

ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು. “ಏನಂದ್ರಿ?”

“ಏನಿಲ್ಲ” ಎಂದೆ. ನಾನಿನ್ನೂ ಆ ಸ್ಟೂಲಿನ ಮೇಲೇ ಕೂತಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ?